ಓರೆನೆಲದಲ್ಲಿ ಶಯ್ಯೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲಿನಲ್ಲಿ ಹೋಗುವವರಿಗೆ, ೨೦೦೧ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ದಿಬ್ಬಗಳು ಗೋಚರಿಸುವುವು. ಇವನ್ನು ಜನರು ಸಯನೈಡ್ ಗುಡ್ಡಗಳೆನ್ನುವರು. ಚಿನ್ನವನ್ನು ತೆಗೆದ ಬಳಿಕ ಉಳಿದ ಅದಿರಿನ ಪುಡಿಯೇ ಇದು. ಗಾಳಿಗೆ ಧೂಳೇಳುವ ಇಂತಹ ಸ್ಥಳದಲ್ಲಿ ರಾತ್ರಿ ತಂಗುವುದು ಯುಕ್ತವಲ್ಲ. ಆದುದರಿಂದ ನಾವು ದೂರದ ಬಂಡೆಗಳ ನಡುವೆ, ಗ್ರಾಮಸ್ಥರ ಅನುಮತಿ ಪಡೆದು, ಬಿಡಾರ ಹೂಡಿದೆವು.

ನೆಲವು ಓರೆಯಾಗಿದ್ದಿತು. ಈಗಿನ ಗುಡಾರದ ತಳವೂ, ಗಾಳಿ ತುಂಬುವ ಹಾಸಿಗೆಯೂ ಬಹು ನುಣುಪು. ನುಣುಪಿನ ಮೇಲೆ ನುಣುಪು ನಿಲ್ಲದು. ನಮ್ಮಂತಹ ವೃದ್ಧರು ನಡುರಾತ್ರಿಯಲ್ಲಿ ಕಲ್ಲಿನ ಮೇಲಕ್ಕೆ ಜಾರಿದರೆ ಸೊಂಟಕ್ಕೆ ಕೇಡು. ಮೊದಲು ಕಲ್ಲುಗಳನ್ನಾಯ್ದು, ತಲೆಯನ್ನು ಏರುಕಡೆಗೆ ಮಾಡಿ, ಹಾಸಿಗೆಯಡಿಯಲ್ಲಿ ಒರಟು ಕುರಿಗಂಬಳಿಯನ್ನು ಹರಡಿದೆವು. ಹಾಸಿಗೆಯ ಗಾಳಿಯನ್ನು ಕೊಂಚ ಇಳಿಸಿ, ಕಾಲ್ದೆಸೆಗೆ ಬಟ್ಟೆಯ ಗಂಟನ್ನು ಆನಿಸಿದೆವು. ಬೆಳಗಿನವರೆಗೂ ಹಾಸಿಗೆ ಕದಲಲಿಲ್ಲ.

ಹಿರಿಯರೊಡನೆ ಪ್ರವಾಸ ಹೊರಡುವ ಗೃಹಸ್ಥರು ಮನೆಯ ಹಳೆಯ ಕಂಬಳಿಯೊಂದನ್ನು ಮರೆಯದಿರಲಿ.