ಅಪ್ಪ ಅಂದು ಯಾಕೆ ರೇಗಿದ?

ಡಿಸೆಂಬರ್ ಬಂತೆಂದರೆ ಅಮೆರಿಕದ ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳು ಒಂದೆರಡಲ್ಲ. ಬಣ್ಣದ ದೀಪಗಳ ಸರ, ಗಾಜಿನ ಗುಂಡುಗಳು, ಮರದ ತುದಿಗೆ ಸಿಕ್ಕಿಸುವ ನಕ್ಷತ್ರ. ಅವುಗಳ ಜೊತೆಗೇ ವರ್ಷಕ್ಕೊಮ್ಮೆ ಹೊರಬರುವುದು ಒಂದು ಸಿನಿಮಾ. ದೀಪಾವಳಿಗೆ ಎಣ್ಣೆನೀರು ತಪ್ಪದ ಹಾಗೆ ಕ್ರಿಸ್‌ಮಸ್‌ಗೆ ಆ ಸಿನಿಮಾ ತಪ್ಪುವುದಿಲ್ಲ. ಒಂದು ಮನೆಯಲ್ಲಿ ಅದು 1947ರ 'ಮಿರಾಕಲ್ ಆನ್ 34ತ್ ಸ್ಟ್ರೀಟ್'. ತಾನೇ ನಿಜವಾದ ಸಾಂತಾಕ್ಲಾಸ್ ಎನ್ನುವ ಮುದುಕನ ಕತೆ. ಇನ್ನೊಂದರಲ್ಲಿ 1990ರ 'ಹೋಮ್ ಅಲೋನ್'. ಮನೆಯವರೆಲ್ಲ ಪ್ರವಾಸ ಹೋಗುವ ಗಡಿಬಿಡಿಯಲ್ಲಿ ಮರೆತುಬಿಟ್ಟ ಹುಡುಗ ಒಬ್ಬನೇ ಕಳ್ಳರನ್ನು ಹಣ್ಣುಗಾಯಿ ನೀರುಗಾಯಿ ಮಾಡುವ ಕತೆ. ಆದರೆ ಅಜ್ಜಿ, ಅಪ್ಪ, ಮೊಮ್ಮಗಳು ಮೂವರೂ ಒಂದೇ ಸೋಫಾದ ಮೇಲೆ ಕೂತು ನೋಡುವ ಹಳೆಯ ಚಿತ್ರ ಯಾವುದು ಎಂದರೆ, ಬಹಳ ಮಂದಿಯ ಬಾಯಲ್ಲಿ ಬರುವ ಹೆಸರು 'ಇಟ್ಸ್ ಎ ವಂಡರ್‌ಫುಲ್ ಲೈಫ್'.

1946ರ ಕಪ್ಪು ಬಿಳುಪು ಚಿತ್ರ. ನಿರ್ದೇಶಕ ಫ್ರಾಂಕ್ ಕಾಪ್ರಾ, ನಾಯಕ ಜೇಮ್ಸ್ ಸ್ಟೀವರ್ಟ್. ಹೆಸರಿನಲ್ಲಿ 'ಅದ್ಭುತ ಬದುಕು' ಇದ್ದರೂ ಚಿತ್ರದ ತಿರುಳಿನಲ್ಲಿರುವುದು ಒಂದು ಕೆಟ್ಟ ಸಂಜೆ.

ಕ್ರಿಸ್‌ಮಸ್ ಹಿಂದಿನ ದಿನ. ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರಿನ ಒಂದು ಹಳೆಯ ಮನೆ. ಮರಕ್ಕೆ ಅಲಂಕಾರ ನಡೆದಿದೆ. ಮಗಳು ಪಿಯಾನೋ ಮುಂದೆ ಕೂತು ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸುತ್ತಿದ್ದಾಳೆ. ದೊಡ್ಡ ಮಗ ಏನೋ ಬರೆಯುತ್ತಾ, ಕಷ್ಟದ ಪದಗಳಿಗೆ ಸ್ಪೆಲ್ಲಿಂಗ್ ಏನೆಂದು ಅಪ್ಪನನ್ನು ಕೇಳುತ್ತಿದ್ದಾನೆ. ಚಿಕ್ಕವಳು ನೆಗಡಿಯಾಗಿ ಮಹಡಿಯಲ್ಲಿ ಮಲಗಿದ್ದಾಳೆ. ಆಗ ಒಳಗೆ ಬರುವ ಅಪ್ಪ ಜಾರ್ಜ್ ಬೈಲಿ ಎಲ್ಲರ ಮೇಲೂ ಹರಿಹಾಯುತ್ತಾನೆ. ಹಾಡು ನಿಲ್ಲಿಸು ಎನ್ನುತ್ತಾನೆ. ಮಗಳ ಟೀಚರಿಗೆ ಫೋನಿನಲ್ಲೇ ಬೈಯುತ್ತಾನೆ. ಮೂಲೆಯ ಮೇಜಿನ ಮೇಲಿದ್ದ ಸೇತುವೆ, ಕಟ್ಟಡಗಳ ಪುಟ್ಟ ಮಾದರಿಗಳನ್ನು ಕೆಡವಿ ಹಾಕುತ್ತಾನೆ. ಆಮೇಲೆ ಮನೆಯೆಲ್ಲ ಸ್ತಬ್ಧ. ತಪ್ಪಾಯಿತು, ನೀನು ನುಡಿಸಮ್ಮ ಎಂದು ಮಗಳಿಗೆ ಹೇಳುತ್ತಾನೆ. ಮಗಳು ಅಳುತ್ತಾಳೆ.

ಮಕ್ಕಳಿಗೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತು. ಜಾರ್ಜ್ ನಡೆಸುವುದು ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಒಂದು ಸಣ್ಣ ಸಂಘ. ಬ್ಯಾಂಕಿಗೆ ಕಟ್ಟಬೇಕಾಗಿದ್ದ ಸಂಘದ 8,000 ಡಾಲರನ್ನು ಅವನ ಮರೆಗುಳಿ ಚಿಕ್ಕಪ್ಪ ಕಳೆದುಬಿಟ್ಟಿದ್ದಾನೆ. ಅದು ದಿನಪತ್ರಿಕೆಯ ಮಡಿಕೆಯಲ್ಲಿ ಸೇರಿ ಊರಿನ ಲೋಭಿ ಸಾಹುಕಾರ ಪಾಟರನ ಕೈಗೆ ಹೋಗಿದೆ. ಆತ ತುಟಿ ಪಿಟಕ್ಕೆನ್ನುವುದಿಲ್ಲ. ಲೆಕ್ಕಪತ್ರ ತಪಾಸಣೆಯ ಅಧಿಕಾರಿ ಬಂದು ಕೂತಿದ್ದಾನೆ. ಮರ್ಯಾದೆ ಹೋಗುತ್ತದೆ, ಜೈಲೂ ಆಗಬಹುದು. ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದ ಮನುಷ್ಯನಿಗೆ ಪಿಯಾನೋದ ಹಾಡು ಸುತ್ತಿಗೆಯ ಪೆಟ್ಟಿನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನು?

ಈ ಚಿತ್ರವನ್ನು ವರ್ಷ ವರ್ಷ ನೋಡುವವರ ಅದೃಷ್ಟವೆಂದರೆ, ಚಿತ್ರ ಅದೇ ಇದ್ದರೂ ನೋಡುವ ಕಣ್ಣು ಬದಲಾಗುತ್ತದೆ. ಹತ್ತು ವರ್ಷದ ಮಗುವಿಗೆ ಶಾಲೆಯ ನೃತ್ಯದ ದೃಶ್ಯ ಇಷ್ಟ. ಕುಣಿಯುತ್ತಿರುವವರ ಕಾಲಡಿಯ ನೆಲ ಇಬ್ಭಾಗವಾಗಿ, ಕೆಳಗಿನ ಈಜುಕೊಳಕ್ಕೆ ಎಲ್ಲರೂ ದೊಪ್ಪೆಂದು ಬೀಳುತ್ತಾರೆ. ಇದು ಸ್ಟುಡಿಯೋದ ಚಮತ್ಕಾರವಲ್ಲ. ಬೆವರ್ಲಿ ಹಿಲ್ಸ್ ಹೈಸ್ಕೂಲಿನಲ್ಲಿ ಇಂಥದೇ ಸರಿಯುವ ನೆಲ ನಿಜವಾಗಿ ಇತ್ತು, ಚಿತ್ರೀಕರಣ ನಡೆದದ್ದೂ ಅಲ್ಲೇ. ಇನ್ನೂರು ವರ್ಷವಾದರೂ ರೆಕ್ಕೆ ಸಿಗದ ದಡ್ಡ ದೇವದೂತ ಕ್ಲಾರೆನ್ಸ್ ಕಂಡರೂ ಮಗುವಿಗೆ ನಗು.

ಇಪ್ಪತ್ತರ ಹೊಸ್ತಿಲಲ್ಲಿ ಅದೇ ಮಗುವಿಗೆ ಬೇರೆ ಸಂಗತಿ ಚುಚ್ಚುತ್ತದೆ. ಜಾರ್ಜ್‌ಗೂ ಕಾಲೇಜಿಗೆ ಹೋಗುವ, ದೇಶ ದೇಶ ಸುತ್ತುವ, ದೊಡ್ಡ ದೊಡ್ಡ ಸೇತುವೆ ಕಟ್ಟುವ ಆಸೆ ಇತ್ತು. ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡ. ಸಂಘ ಮುಚ್ಚಬಾರದೆಂದು ಹಿರಿಮಗ ಊರಿನಲ್ಲೇ ನಿಂತ. ತನ್ನ ಓದಿಗೆಂದು ಕೂಡಿಟ್ಟ ಹಣದಲ್ಲಿ ತಮ್ಮನನ್ನು ಕಾಲೇಜಿಗೆ ಕಳಿಸಿದ. ತಮ್ಮ ಓದು ಮುಗಿಸಿ ಬಂದದ್ದು ಹೆಂಡತಿ ಮತ್ತು ಬೇರೆ ಊರಿನ ಕೆಲಸದೊಂದಿಗೆ. ಇಂಥ ಹಿರಿಮಗ ಕನ್ನಡನಾಡಿನ ಯಾವ ಬೀದಿಯಲ್ಲಿಲ್ಲ? ಆ ರಾತ್ರಿ ಅಪ್ಪ ಕೆಡವಿದ ಸೇತುವೆಯ ಮಾದರಿ ಮಕ್ಕಳ ಆಟಿಕೆಯಲ್ಲ, ಅವನ ಹಳೆಯ ಆಸೆ ಎಂಬುದು ಹೊಳೆಯುವುದು ಈ ವಯಸ್ಸಿನಲ್ಲೇ.

ನಲವತ್ತಕ್ಕೆ ಬಂದಾಗ ನೋಡುವವನ ಕಣ್ಣು ಪಿಯಾನೋ ಮುಂದೆ ಅಳುತ್ತಿರುವ ಮಗಳ ಮೇಲೆ ನಿಲ್ಲುತ್ತದೆ. ತಾನೂ ಒಂದು ಸಂಜೆ ಆಫೀಸಿನ ಸಿಟ್ಟನ್ನು ಮಗುವಿನ ಮಾರ್ಕ್ಸ್ ಕಾರ್ಡಿನ ಮೇಲೆ ತೀರಿಸಿಕೊಂಡದ್ದು ನೆನಪಾಗುತ್ತದೆ.

ಮನೆಯಿಂದ ಹೊರಟ ಜಾರ್ಜ್ ಹಿಮ ಸುರಿಯುವ ಸೇತುವೆಯ ಮೇಲೆ ನಿಂತು, ತಾನು ಹುಟ್ಟದೇ ಇದ್ದಿದ್ದರೇ ಚೆನ್ನಾಗಿತ್ತು ಎಂದುಕೊಳ್ಳುವ ಹಂತ ತಲುಪುತ್ತಾನೆ. ಕ್ಲಾರೆನ್ಸ್ ಅವನಿಗೆ ಬುದ್ಧಿವಾದ ಹೇಳುವುದಿಲ್ಲ. ಅವನಿಲ್ಲದ ಊರನ್ನು ತೋರಿಸುತ್ತಾನೆ. ಹುಡುಗನಾಗಿದ್ದಾಗ ಜಾರ್ಜ್ ಹಿಮದ ನೀರಿಗೆ ಬಿದ್ದ ತಮ್ಮನನ್ನು ಎತ್ತಿ, ಅದರಿಂದ ಒಂದು ಕಿವಿಯ ಶ್ರವಣ ಕಳೆದುಕೊಂಡಿದ್ದ. ಜಾರ್ಜ್ ಇಲ್ಲದ ಊರಿನಲ್ಲಿ ಆ ತಮ್ಮ ಇಲ್ಲ. ಮುಂದೆ ಯುದ್ಧದಲ್ಲಿ ಆ ತಮ್ಮ ಉಳಿಸಿದ ಸೈನಿಕರೂ ಇಲ್ಲ. ಮಗ ಸತ್ತ ದುಃಖದಲ್ಲಿ ಔಷಧದ ಬದಲು ವಿಷ ತುಂಬಿದ ಅಂಗಡಿಯವನನ್ನು ತಡೆದದ್ದು ಬಾಲಕ ಜಾರ್ಜ್. ಅವನಿಲ್ಲದ ಊರಿನಲ್ಲಿ ಆ ಮುದುಕ ಜೈಲು ಕಂಡು ಬಂದ ಕುಡುಕ. ಒಂದು ಬಾಳು ಎಷ್ಟು ಬಾಳುಗಳಿಗೆ ಹೆಣೆದುಕೊಂಡಿರುತ್ತದೆ ಎಂಬುದು ಬಾಳುವವನಿಗೇ ಗೊತ್ತಿರುವುದಿಲ್ಲ.

ಆದರೆ ದೇವದೂತ ಒಂದು ಡಾಲರನ್ನೂ ಕೊಡುವುದಿಲ್ಲ. ಜಾರ್ಜ್‌ನನ್ನು ಸಾಲದ ಸುಳಿಯಿಂದ ಎತ್ತುವುದು ಅವನ ಹೆಂಡತಿ ಮೇರಿ ಮಾಡಿದ ಒಂದು ಫೋನು. ಗಂಡ ಬಾಗಿಲು ದಾಟಿದ್ದೇ ತಡ, ಅವಳು ಮುನಿಸಿಕೊಂಡು ಕೂರಲಿಲ್ಲ. ಏನಾಯಿತೆಂದು ಚಿಕ್ಕಪ್ಪನಿಗೆ ಫೋನು ಮಾಡಿದಳು, ಆಮೇಲೆ ಊರಿಗೆಲ್ಲ ಸುದ್ದಿ ಮುಟ್ಟಿಸಿದಳು. ಜಾರ್ಜ್ ಹೊಳೆಯ ದಡದಲ್ಲಿದ್ದಾಗಲೇ ಜನ ಚಿಲ್ಲರೆ ಕೂಡಿಸತೊಡಗಿದ್ದರು. ಅವನು ಬಾಯಿಬಿಟ್ಟು ಮೊದಲೇ ಹೇಳಿದ್ದಿದ್ದರೆ ಆ ಕೆಟ್ಟ ಸಂಜೆಯೇ ಬರುತ್ತಿರಲಿಲ್ಲವೇನೋ! ಪಾಟರನಿಗೆ ಮಾತ್ರ ಶಿಕ್ಷೆಯಾಗುವುದಿಲ್ಲ. ಹಣ ಅವನಲ್ಲೇ ಉಳಿಯುತ್ತದೆ. ಯಾಕೆ ಹಾಗೆ ಎಂದು ಮಕ್ಕಳು ಕೇಳಿದರೆ ದೊಡ್ಡವರು ತಡವರಿಸುತ್ತಾರೆ.

ಚಿತ್ರದ ಸ್ವಂತ ಬಾಳೂ ಜಾರ್ಜ್‌ನ ಬಾಳಿನಂತೆಯೇ. ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್ ಬರೆದ ಮೂಲ ಕತೆಗೆ ಪ್ರಕಾಶಕರೇ ಸಿಗಲಿಲ್ಲ. ಆತ 1943ರಲ್ಲಿ 200 ಪ್ರತಿ ಅಚ್ಚುಮಾಡಿಸಿ, ಕ್ರಿಸ್‌ಮಸ್ ಶುಭಾಶಯ ಪತ್ರದ ಬದಲು ಸ್ನೇಹಿತರಿಗೆ ಕಳಿಸಿದ. ಅದು ಕೈದಾಟಿ ಕಾಪ್ರಾನಿಗೆ ಸಿಕ್ಕಿತು. ಹಿಮದ ದೃಶ್ಯಗಳನ್ನು ತೆಗೆದದ್ದು ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ. ಅಲ್ಲಿಯವರೆಗೆ ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್; ತುಳಿದರೆ ಕರಕರ ಸದ್ದಾಗಿ ಮಾತೇ ಕೇಳಿಸುತ್ತಿರಲಿಲ್ಲ. ಈ ಚಿತ್ರಕ್ಕಾಗಿ ಬೆಂಕಿ ಆರಿಸುವ ನೊರೆಯಿಂದ ಸದ್ದಿಲ್ಲದ ಹಿಮ ತಯಾರಿಸಿದರು. ಇಷ್ಟೆಲ್ಲ ಮಾಡಿಯೂ ಹಾಕಿದ ಹಣ ಬರಲಿಲ್ಲ. ಐದು ಆಸ್ಕರ್‌ಗಳಿಗೆ ಹೆಸರು ಹೋಗಿ, ಆ ಐದರಲ್ಲಿ ಒಂದೂ ದಕ್ಕಲಿಲ್ಲ.

ಚಿತ್ರವನ್ನು ಎತ್ತಿಹಿಡಿದದ್ದು ಒಂದು ಮರೆವು. 1974ರಲ್ಲಿ ಹಕ್ಕುಸ್ವಾಮ್ಯವನ್ನು ನವೀಕರಿಸುವುದು ತಪ್ಪಿಹೋಯಿತು. ಪುಕ್ಕಟೆ ಸಿಕ್ಕ ಚಿತ್ರವನ್ನು ಊರೂರಿನ ಟಿ.ವಿ. ಕೇಂದ್ರಗಳು ಡಿಸೆಂಬರಿನಲ್ಲಿ ಹಗಲು ರಾತ್ರಿ ತೋರಿಸಿದವು. 1993ರಲ್ಲಿ ಮೂಲ ಕತೆ ಮತ್ತು ಸಂಗೀತದ ಹಕ್ಕಿನ ಆಧಾರದ ಮೇಲೆ ಆ ಬಿಟ್ಟಿ ಪ್ರಸಾರಕ್ಕೆ ತಡೆ ಬಿದ್ದಿತು. ಅಷ್ಟರಲ್ಲಿ ಚಿತ್ರ ಮನೆ ಮನೆಯ ನೆಂಟನಾಗಿತ್ತು. 2006ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಸ್ಫೂರ್ತಿ ನೀಡುವ ಅಮೆರಿಕನ್ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿತು. ಮೊದಲ ಪರೀಕ್ಷೆಯಲ್ಲಿ ಫೇಲಾದ ಚಿತ್ರಕ್ಕೆ ಅರವತ್ತು ವರ್ಷದ ಮೇಲೆ ಫಸ್ಟ್ ರ‍್ಯಾಂಕು.

ಆ ಮನೆಯ ಮಹಡಿ ಮೆಟ್ಟಿಲಿನ ಕಂಬದ ತುದಿಗೆ ಒಂದು ಸಡಿಲವಾದ ಮರದ ಗುಂಡಿದೆ. ಕೆಟ್ಟ ಸಂಜೆಯಲ್ಲಿ ಅದು ಕೈಗೆ ಕಿತ್ತುಬಂದಾಗ ಜಾರ್ಜ್‌ಗೆ ಎಸೆದುಬಿಡುವಷ್ಟು ಸಿಟ್ಟು. ಕೊನೆಯಲ್ಲಿ ಮಕ್ಕಳ ಬಳಿಗೆ ಓಡಿ ಬರುವಾಗಲೂ ಅದು ಕಿತ್ತೇ ಬರುತ್ತದೆ. ಆಗ ಅವನು ಅದಕ್ಕೆ ಮುತ್ತಿಟ್ಟು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಾನೆ. ಮನೆ ರಿಪೇರಿಯಾಗಿಲ್ಲ, ಪಾಟರ್ ಬದಲಾಗಿಲ್ಲ, ಕಾಲೇಜು ಕಾಣದ ವರ್ಷಗಳು ಹಿಂದಿರುಗಿಲ್ಲ. ಪಿಯಾನೋ ಮುಂದೆ ಮಗಳು ಮತ್ತೆ ಅದೇ ಹಾಡನ್ನು ನುಡಿಸುತ್ತಾಳೆ. ಈ ಸಲ ಅದನ್ನು ನಿಲ್ಲಿಸು ಎನ್ನುವವರು ಯಾರೂ ಇಲ್ಲ.