ಅಬ್ಬನ ಕಾರ್ಡು

ಸಕ್ಕರೆ ಕಾಯಿಲೆಯಿಂದಾಗಿ ಅಬ್ಬನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದು 7 ವರ್ಷವಾಯಿತು. ಅಜ್ಜಂಪುರದಲ್ಲಿ ಮೇಷ್ಟರಾಗಿ ನಿವೃತ್ತರಾದವರು. ಅಂಗವಿಕಲರ ಬಸ್ ಪಾಸು ಸದಾ ಅವರ ಜೇಬಿನಲ್ಲಿರುತ್ತದೆ. ಅದರ ಮಿತಿ ಮನೆಯಿಂದ 100 ಕಿಲೋಮೀಟರ್. ತರೀಕೆರೆ, ಕಡೂರು ಎಲ್ಲ ಅದರೊಳಗೇ. ಕಳೆದ ವರ್ಷ ತಮ್ಮ ನಮ್ಮಿಬ್ಬರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡಾಗ, "ಅಲ್ಲಿ ನನ್ನ ಪಾಸು ನಡೆಯುತ್ತೇನಮ್ಮ?" ಎಂದು ನಕ್ಕಿದ್ದರು.

ಪಾಸು ನಡೆಯಲಿಲ್ಲ, ಬೇರೊಂದು ಕಾರ್ಡು ಸಿಕ್ಕಿತು. ಹೊರಗಿನಿಂದ ಬಂದ ಅಂಗವಿಕಲರಿಗೂ ಅಲ್ಲಿ 90 ದಿನಗಳವರೆಗೆ ಪಾರ್ಕಿಂಗ್ ಪರವಾನಗಿ ಕೊಡುತ್ತಾರೆ, ಶುಲ್ಕವಿಲ್ಲ. ಕಾರು ನಿಲ್ಲಿಸಿದಾಗ ಅದನ್ನು ಕನ್ನಡಿಗೆ ತೂಗುಹಾಕಬೇಕು. ಅಂಗಡಿ, ಆಸ್ಪತ್ರೆ, ಪಾರ್ಕು ಎಲ್ಲೇ ಹೋದರೂ ಬಾಗಿಲ ಹತ್ತಿರವೇ ನೀಲಿ ಗುರುತಿನ ಜಾಗ. ಅಬ್ಬ ಯಾರ ಹೆಗಲನ್ನೂ ಹಿಡಿಯದೆ ಒಳಗೆ ನಡೆದು ಹೋಗುತ್ತಿದ್ದರು.

ಒಂದು ಸಂಜೆ ತಮ್ಮ ಒಬ್ಬನೇ ಹಾಲು ತರಲು ಹೋದ. ಬೇಗ ಬಂದವನನ್ನು "ಜಾಗ ಸಿಕ್ಕಿತಾ?" ಎಂದು ಕೇಳಿದೆ. "ಅಬ್ಬನ ಕಾರ್ಡು ಇತ್ತಲ್ಲ" ಎಂದ.

ಸೋಫಾದಲ್ಲಿದ್ದ ಅಬ್ಬ ಪತ್ರಿಕೆ ಮಡಚಿದರು. "ನನ್ನ ಕಾಲು ಇಲ್ಲೇ ಇತ್ತಲ್ಲಪ್ಪ. ಅಲ್ಲಿ ಯಾರ ಕಾಲಿಗೆ ಜಾಗ ಹಿಡಿದೆ?"

ಐದೇ ನಿಮಿಷ ಎಂದು ತಮ್ಮ ತೊದಲಿದ. "ಆ ಐದು ನಿಮಿಷದಲ್ಲಿ ನನ್ನಂಥವನೊಬ್ಬ ಬಂದಿದ್ದರೆ?" ಎಂದರು ಅಬ್ಬ. ಆ ಪರವಾನಗಿ ಕಾರಿನದಲ್ಲ, ವ್ಯಕ್ತಿಯದು. ದುರುಪಯೋಗಕ್ಕೆ ಅಲ್ಲಿ 250ರಿಂದ 1000 ಡಾಲರ್‌ವರೆಗೆ ದಂಡವಿದೆ. ಆದರೆ ಅಂದು ತಮ್ಮ ತಲೆ ತಗ್ಗಿಸಿದ್ದು ದಂಡದ ಭಯಕ್ಕಲ್ಲ.

ಊರಿಗೆ ಮರಳಿದ ಮೇಲೆ ಅಬ್ಬ ಪಿಂಚಣಿ ಕೆಲಸಕ್ಕೆಂದು ತರೀಕೆರೆಗೆ ಬಂದರು. ನಾನು ಮೊದಲೇ ಹೋಗಿ ಸಾಲಿನಲ್ಲಿ ನಿಂತಿದ್ದೆ. ಹೊರಗೆ ಬಂದು ನೋಡಿದರೆ ಇಳಿಜಾರು ದಾರಿಯ ಮುಂದೆ ಸಾಲು ಬೈಕುಗಳು. ಅಬ್ಬ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾರೆ. "ಈ ಜನಕ್ಕೆ ಬುದ್ಧಿಯೇ ಇಲ್ಲ" ಎಂದು ಗೊಣಗಿದೆ.

ಅಬ್ಬ ಏನೂ ಹೇಳಲಿಲ್ಲ. ಊರುಗೋಲೆತ್ತಿ ಸಾಲಿನ ಕೊನೆಯನ್ನು ತೋರಿಸಿದರು. ಅಲ್ಲಿದ್ದದ್ದು ನನ್ನದೇ ಸ್ಕೂಟರ್.

ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಅಂಗವಿಕಲರಿಗೆ ಅನುಕೂಲವಾಗುವ ಪಾರ್ಕಿಂಗ್ ಇರಬೇಕೆಂದು ನಮ್ಮ 2016ರ ಕಾಯ್ದೆಯೂ ಹೇಳುತ್ತದೆ. ಸರಕಾರ ಮಾಡಬೇಕಾದದ್ದು ಇನ್ನೂ ಬೇಕಾದಷ್ಟಿದೆ, ನಿಜ. ಆದರೆ ಅಂದು ಅಬ್ಬನ ದಾರಿಗೆ ಅಡ್ಡ ನಿಂತದ್ದು ಸರಕಾರವಲ್ಲ. ಈಗ ಕಡೂರಿಗೆ ಹೋಗಲಿ, ಅಜ್ಜಂಪುರಕ್ಕೆ ಹೋಗಲಿ, ಸ್ಕೂಟರ್ ನಿಲ್ಲಿಸಿ ಒಮ್ಮೆ ಹಿಂದಿರುಗಿ ನೋಡುತ್ತೇನೆ.