ಹರಿಹರದ ಹಿತ್ತಿಲಲ್ಲೊಂದು ಬಿಸಿನೀರಿನ ತೊಟ್ಟಿ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಪ್ರಯಾಣಮಾಡುವವರು ದಾವಣಗೆರೆಯನ್ನು ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ತುಂಗಭದ್ರೆಯನ್ನು ದಾಟುವರು. ಆ ಸೇತುವೆಯ ಈಚೆಯ ದಡದಲ್ಲಿರುವ ಊರೇ ಹರಿಹರ. ಸೂಳೆಕೆರೆಯಿಂದ ಹರಿದುಬರುವ ಹರಿದ್ರೆಯು ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಹಿಂದಿನ ಕಾಲದಲ್ಲಿ ಈ ಸ್ಥಳಕ್ಕೆ ಕೂಡಲೂರೆಂಬ ಹೆಸರಿದ್ದಿತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು 1223-24ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಗಾಗಿ ಜನರು ಇಲ್ಲಿ ಇಳಿಯುವರು. ಹೊಳೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಮುಂದಿನ ಗಾಡಿಗೆ ಹೊರಟುಹೋಗುವರು. ಊರಿನ ಹಿತ್ತಿಲುಗಳನ್ನು ನೋಡುವ ಯಾತ್ರಿಕರು ಕಡಿಮೆ. ನಾವಾದರೋ ಎರಡು ಸಲ ಹೋಗಿ ಒಂದು ಹಿತ್ತಿಲನ್ನೇ ನೋಡಿ ಬಂದೆವು. ಮೊದಲ ಸಲ ಕಾರ್ತಿಕದಲ್ಲಿ, ಅಲ್ಲಿ ನೆಲ ಅಗೆಯುತ್ತಿದ್ದಾಗ. ಎರಡನೆಯ ಸಲ ಮಾರ್ಗಶಿರದಲ್ಲಿ, ತೊಟ್ಟಿಗೆ ನೀರು ತುಂಬಿದಾಗ.

ಆ ಮನೆ ನಮ್ಮ ಮಿತ್ರರೊಬ್ಬರದು. ಪರಸ್ಥಳದ ನೌಕರಿಯಿಂದ ನಿವೃತ್ತರಾಗಿ ಬಂದು ಅವರು ವೃದ್ಧ ತಾಯಿಯೊಡನೆ ವಾಸವಾಗಿದ್ದಾರೆ. ತಾಯಿಗೆ ಎಪ್ಪತ್ತೆಂಟು ವರ್ಷ; ಮೊಣಕಾಲುಗಳ ಕೀಲುನೋವು ಬಹುದಿನದ್ದು. ಚಳಿಗಾಲದ ಬೆಳಗಿನಲ್ಲಿ ಹಾಸಿಗೆಯಿಂದ ಏಳುವುದಕ್ಕೇ ಆಕೆಗೆ ಅರ್ಧ ಗಂಟೆ ಹಿಡಿಯುವುದು. ವೈದ್ಯರು ಬಿಸಿನೀರಿನಲ್ಲಿ ಕಾಲುಗಳನ್ನು ಇಳಿಬಿಟ್ಟು ಕುಳಿತುಕೊಳ್ಳಬೇಕೆಂದು ಹೇಳಿದುದೇ ನೆಪವಾಗಿ, ವಿದೇಶದಲ್ಲಿರುವ ಮೊಮ್ಮಗನು ಅಲ್ಲಿನ ಮನೆಗಳ ಹಿಂದೆ ಇರುವಂಥ ಬಿಸಿನೀರಿನ ತೊಟ್ಟಿಯೊಂದನ್ನು ಅಜ್ಜಿಗೆ ಕೊಡಿಸಲು ಮನಸ್ಸು ಮಾಡಿದನು. ‘ಹಾಟ್ ಟಬ್’ ಎಂದು ಅದರ ಹೆಸರು. ನಾಲ್ಕು ಜನರು ಸುತ್ತಲೂ ಕುಳಿತು ಕೊರಳವರೆಗೆ ಮುಳುಗಬಹುದಾದಷ್ಟು ದೊಡ್ಡದು; ನೀರನ್ನು ಕಾಯಿಸಲು ಒಳಗೇ ಒಂದು ವಿದ್ಯುತ್ ಸುರುಳಿ, ನೀರನ್ನು ಸುತ್ತಿಸಿ ಮೈಗೆ ಚಿಮ್ಮಿಸಲು ಒಂದು ಪಂಪು.

ಇದು ಭೋಗದ ವಸ್ತುವೆಂದು ವಾಚಕರು ಮೂಗು ಮುರಿಯಬಾರದು. ಅಮೆರಿಕದಲ್ಲಿ ನೆಲೆಸಿದ್ದ ಇಟಲಿಯ ಜಕುಜ್ಜಿ ಎಂಬ ಮನೆತನದವರು ಬಾವಿಯ ಪಂಪುಗಳನ್ನು ಮಾಡುತ್ತಿದ್ದರು. ಅವರಲ್ಲಿ ಕ್ಯಾಂಡಿಡೊ ಜಕುಜ್ಜಿ ಎಂಬಾತನ ಚಿಕ್ಕ ಮಗನಿಗೆ ಎಳೆಯ ವಯಸ್ಸಿನಲ್ಲಿಯೇ ಸಂಧಿವಾತ ಬಂದಿತು. ಆಸ್ಪತ್ರೆಯಲ್ಲಿ ದೊರೆಯುತ್ತಿದ್ದ ಸುಳಿನೀರಿನ ಚಿಕಿತ್ಸೆಯು ಮನೆಯಲ್ಲಿಯೂ ದೊರೆಯಲೆಂದು ತಂದೆಯು ಸ್ನಾನದ ತೊಟ್ಟಿಯಲ್ಲಿ ಇಳಿಬಿಡುವ ಒಂದು ಪಂಪನ್ನು ರಚಿಸಿದನು. ಅದು ಮಾರಾಟಕ್ಕೆ ಬಂದುದು 1956ರಲ್ಲಿ. ಪಂಪನ್ನೂ ತೊಟ್ಟಿಯನ್ನೂ ಒಂದೇ ಮಾಡಿ ಅದೇ ಮನೆತನದ ರಾಯ್ ಜಕುಜ್ಜಿಯು ಹೊರತಂದುದು 1968ರಲ್ಲಿ. ಮಗುವಿನ ಕೀಲುನೋವಿಗೆ ಹುಟ್ಟಿದ ವಸ್ತುವು ಅಜ್ಜಿಯ ಕೀಲುನೋವಿಗಾಗಿ ಹರಿಹರಕ್ಕೆ ಬಂದಿತೆಂದರೆ ಅದರಲ್ಲಿ ಅಸಂಗತವಾದುದೇನೂ ಇಲ್ಲ.

ಆದರೆ ತೊಟ್ಟಿಯನ್ನು ಕೊಳ್ಳುವುದು ಸುಲಭ. ಅದನ್ನು ಕೂರಿಸುವುದು ಸುಲಭವಲ್ಲ. ಮೊಮ್ಮಗನು ಕಳುಹಿಸಿದ ಚಿತ್ರಗಳಲ್ಲಿ ತೊಟ್ಟಿಯು ಮರದ ಹಲಗೆಗಳ ಅಟ್ಟಣೆಯ ಮೇಲೆ ಬಹು ಚೆಲುವಾಗಿ ಕುಳಿತಿದ್ದಿತು. ನೆರೆಯವರೊಬ್ಬರು ಮಾಳಿಗೆಯ ಮೇಲೆಯೇ ಇಡಿರಿ, ಹೊಳೆಯ ಗಾಳಿ ಚೆನ್ನಾಗಿ ಬರುವುದು ಎಂದರು. ಲೆಕ್ಕ ಹಾಕಿ ನೋಡಿದರೆ ಎರಡೂ ಕೂಡದೆಂದು ತಿಳಿಯಿತು. ತೊಟ್ಟಿಯು ಹಿಡಿಯುವ ನೀರು 1400 ಲೀಟರು, ಎಂದರೆ 1400 ಕಿಲೋ ತೂಕ. ತೊಟ್ಟಿಯ ಸ್ವಂತ ತೂಕ 300 ಕಿಲೋ. ನಾಲ್ವರು ಕುಳಿತರೆ ಮತ್ತೆ 260. ಹೀಗೆ ಸುಮಾರು ಎರಡು ಟನ್ನಿನ ಭಾರವೆಲ್ಲವೂ ಎರಡು ಮೀಟರು ಉದ್ದ, ಎರಡು ಮೀಟರು ಅಗಲದ ಜಾಗದ ಮೇಲೆ ಬೀಳುವುದು. ಚದರ ಮೀಟರಿಗೆ 490 ಕಿಲೋ ಆಯಿತು. ವಾಸದ ಮನೆಯ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರವನ್ನು ಹೊರುವಂತೆ ಲೆಕ್ಕಹಾಕಿ ಕಟ್ಟುವರು. ಗಾಳಿಯ ಸುಖಕ್ಕಾಗಿ ಮಾಳಿಗೆಯನ್ನು ತಲೆಯ ಮೇಲೆ ಕೆಡವಿಕೊಳ್ಳುವವರುಂಟೆ? ಮರದ ಅಟ್ಟಣೆಗಾದರೋ ನಮ್ಮ ಕಡೆಯಲ್ಲಿ ಮಳೆಗಿಂತ ದೊಡ್ಡ ಶತ್ರುವೆಂದರೆ ಗೆದ್ದಲು.

ಇನ್ನು ನೆಲದ ವಿಚಾರ. ಆ ಹಿತ್ತಿಲಿನದು ಎರೆಮಣ್ಣು. ಹತ್ತಿಯನ್ನು ಬೆಳೆಯುವುದಕ್ಕೆ ಇದರಂಥ ಭೂಮಿ ಇಲ್ಲ. ಕಟ್ಟಡಕ್ಕೆ ಇದರಂಥ ವೈರಿಯೂ ಇಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವುದು. ಅದರ ಮೇಲೆ ಹಾಸುಗಲ್ಲು ಹಾಕಿ ಎರಡು ಟನ್ನನ್ನು ಇಟ್ಟರೆ ಒಂದೇ ವರ್ಷದಲ್ಲಿ ಒಂದು ಮೂಲೆ ಕುಸಿಯುವುದು, ತೊಟ್ಟಿ ಓರೆಯಾಗುವುದು, ಒಳಗಿನ ಕೊಳವೆಗಳ ಕೀಲುಗಳು ಬಿಡುವುವು. ಆದಕಾರಣ ಮುಕ್ಕಾಲು ಮೀಟರಿಗೂ ಹೆಚ್ಚು ಆಳಕ್ಕೆ ಎರೆಯನ್ನೆಲ್ಲ ತೋಡಿ ತೆಗೆದು, ಗರಸು ತುಂಬಿಸಿ, ಗೇಣಿಗೊಂದು ಪದರದಂತೆ ನೀರು ಚಿಮುಕಿಸಿ ದಿಮ್ಮಸು ಹೊಡೆಸಿದರು. ಅದರ ಮೇಲೆ ಕಬ್ಬಿಣದ ಜಾಲಿಯನ್ನಿಟ್ಟು 15 ಸೆಂಟಿಮೀಟರು ದಪ್ಪದ ಕಾಂಕ್ರೀಟಿನ ಕಟ್ಟೆ. ತೊಟ್ಟಿಯ ಕೆಳಗೆ ಕಟ್ಟೆಯು ರಸಮಟ್ಟಕ್ಕೆ ಸರಿಯಾಗಿ ಸಮನಾಗಿರಬೇಕು. ಸುತ್ತಲಿನ ಅಂಗಳ ಮಾತ್ರ ಮೋರಿಯ ಕಡೆಗೆ ಇಳಿಜಾರಾಗಿರಬೇಕು. ಮೊಮ್ಮಗನ ಆಸೆಯನ್ನು ಪೂರ್ತಿಯಾಗಿ ಮುರಿಯಬಾರದೆಂದು ಕಟ್ಟೆಯ ಎರಡು ಪಕ್ಕಕ್ಕೆ ಮಾತ್ರ ಜಾರದಂಥ ಹಲಗೆಗಳನ್ನು ಹಾಸಿದರು. ಯಂತ್ರವಿರುವ ಪಕ್ಕದ ಹಲಗೆಗಳನ್ನು ಮೊಳೆ ಹೊಡೆಯದೆ, ಎತ್ತಿ ತೆಗೆಯಲು ಬರುವಂತೆ ಇಟ್ಟರು. ಮುಂದೆ ರಿಪೇರಿಗೆ ಬಂದವನು ಕಟ್ಟೆಯನ್ನೇ ಒಡೆಯಬೇಕಾಗಬಾರದಷ್ಟೆ.

ಈ ಕೆಲಸದ ಮೇಲ್ವಿಚಾರಣೆಯನ್ನು ವಹಿಸಿಕೊಂಡವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದಿದ್ದ ಒಬ್ಬ ಹಿರಿಯ ಮೇಸ್ತ್ರಿಗಳು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಆ ಕಾರ್ಖಾನೆಯು ಲೇತುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸುತ್ತಿದ್ದಿತು. ಈಗ ಅದು ಇಲ್ಲ; ಆದರೆ ಅಲ್ಲಿ ಕಲಿತ ಕೈಗಳು ಊರಿನಲ್ಲಿ ಇನ್ನೂ ಉಳಿದಿವೆ. ಲೇತನ್ನು ಕೂರಿಸುವಾಗ ತಳಪಾಯವು ಕೂದಲೆಳೆಯಷ್ಟು ಓರೆಯಾದರೂ ಕಡೆಯುವ ವಸ್ತು ಕೆಡುವುದೆಂಬುದನ್ನು ಬಲ್ಲ ಮೇಸ್ತ್ರಿಗಳಿಗೆ ತೊಟ್ಟಿಯ ಕಟ್ಟೆ ಒಂದು ದೊಡ್ಡ ಮಾತಲ್ಲ. (ಹರಿಹರೇಶ್ವರನ ಗುಡಿಯ ಮಂಟಪದಲ್ಲಿ ನುಣುಪಾಗಿ ಕಡೆದ ಕಂಬಗಳಿವೆ. ಅವುಗಳನ್ನು ತೋರಿಸಿ, ‘ಲೇತಿನ ಕೆಲಸ ಈ ಊರಿಗೆ ಹೊಸದೇನಲ್ರಿ’ ಎಂದು ಅವರು ಹೇಳಿದಾಗ ನಮಗೆ ಸಂತೋಷವಾಯಿತು.)

ಕಟ್ಟೆ ಮುಗಿದು ತಂತಿಯ ಕೆಲಸ ಬಂದಾಗಲೇ ನಿಜವಾದ ವಿವಾದ ಎದ್ದುದು. ವಿವಾದವನ್ನು ಎಬ್ಬಿಸಿದವರು ಅಜ್ಜಿಯೇ. ಕೆಲವು ವರ್ಷಗಳ ಹಿಂದೆ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದ ನೀರು ಕಾಯಿಸುವ ರಾಡಿನಿಂದ ಆಕೆಗೆ ಷಾಕು ಹೊಡೆದು, ಕೈ ಸೆಳೆದು, ಗೋಡೆಗೆ ಎಸೆದಂತೆ ಬಿದ್ದಿದ್ದರಂತೆ. ಅಂದಿನಿಂದ ಹಂಡೆಯ ನೀರಲ್ಲದೆ ಬೇರೆ ನೀರನ್ನು ಮುಟ್ಟಿದವರಲ್ಲ. ಅವರು ಮಗನನ್ನು ಕೇಳಿದರು:

‘ನೀರಾಗ ಕರೆಂಟು ಬಿಟ್ಟು, ಅದ್ರಾಗ ನನ್ನ ಕುಂದ್ರಸ್ತೀಯೇನೋ?’

‘ಫ್ಯೂಜು ಐತೆಲ್ಲವ್ವ’ ಎಂದು ಮಗ ಹೇಳುವಷ್ಟರಲ್ಲಿ ಮೇಸ್ತ್ರಿಗಳು ತಡೆದು, ‘ಅಮ್ಮಾರು ಕೇಳಿದ್ದು ಖರೇ ಐತ್ರಿ. ಫ್ಯೂಜು ಕಾಯೋದು ವೈರನ್ನ, ಮನುಷ್ಯಾರನ್ನಲ್ಲ’ ಎಂದರು.

ಈ ಒಂದು ಮಾತನ್ನು ಗೃಹಿಣಿಯರೆಲ್ಲರೂ ಮನನ ಮಾಡತಕ್ಕದ್ದೆಂದು ನಮ್ಮ ಅಭಿಪ್ರಾಯ. ಈ ತೊಟ್ಟಿಯ ಸುರುಳಿ, ಪಂಪು ಎಲ್ಲ ಸೇರಿ ನಾಲ್ಕೂವರೆ ಕಿಲೋವಾಟು. ಎಂದರೆ ಸುಮಾರು 20 ಆಂಪಿಯರಿನ ಪ್ರವಾಹ. ಅದಕ್ಕೆ 32 ಆಂಪಿಯರಿನ ಸ್ವಿಚ್ಚನ್ನು ಹಾಕುವರು; ಅದಕ್ಕೂ ಮೀರಿದ ಪ್ರವಾಹ ಹರಿದರೆ ತಂತಿ ಕಾದು ಉರಿಯದಂತೆ ಅದು ಕಡಿದುಕೊಳ್ಳುವುದು. ಮನುಷ್ಯನ ಎದೆಯ ಬಡಿತವನ್ನು ಕೆಡಿಸುವುದಕ್ಕೆ ಅಷ್ಟು ಬೇಕಾಗಿಲ್ಲ. ಒಂದು ಆಂಪಿಯರಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯೇ ಸಾಕು. ಒಣಗಿದ ಚರ್ಮವು ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ತಡೆಯುವುದು; ನೀರಿನಲ್ಲಿ ನೆನೆದ ಚರ್ಮವು ತಡೆಯದು. ಪ್ರಾಣ ಹೋಗುತ್ತಿರುವಾಗಲೂ ಈ 32 ಆಂಪಿಯರಿನ ಸ್ವಿಚ್ಚು ತನಗೇನೂ ತಿಳಿಯದಂತೆ ಸುಮ್ಮನಿರುವುದು. ಜೀವವನ್ನು ಕಾಯುವುದಕ್ಕೆ ಬೇರೊಂದು ಉಪಕರಣವಿದೆ. ಪೇಟೆಯಲ್ಲಿ ಅದನ್ನು ಆರ್‌ಸಿಸಿಬಿ ಎಂದು ಕೇಳಬೇಕು. ಒಂದು ತಂತಿಯಲ್ಲಿ ಹೋದ ಪ್ರವಾಹವೂ ಇನ್ನೊಂದರಲ್ಲಿ ಮರಳಿ ಬಂದ ಪ್ರವಾಹವೂ ಸಮನಾಗಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುವುದು. ಬಂದುದು ಕಡಿಮೆಯಾದರೆ ನಡುವೆ ಎಲ್ಲಿಯೋ ಸೋರಿತೆಂದರ್ಥ. ಆ ಸೋರಿಕೆ 30 ಮಿಲಿ ಆಂಪಿಯರಿಗೆ ಮುಟ್ಟುವುದರೊಳಗಾಗಿ, ಸೆಕೆಂಡಿನ ಮೂರನೆಯ ಒಂದು ಪಾಲಿಗಿಂತ ಮುಂಚೆಯೇ, ಪ್ರವಾಹವನ್ನು ಕಡಿದುಬಿಡುವುದು. ಬಚ್ಚಲಿನಲ್ಲಿ ಗೀಸರು ಇಟ್ಟುಕೊಂಡವರಿಗೂ ಇದು ಬೇಕು. ಸೀರೆಗೆ ಕೊಡುವ ಹಣದಲ್ಲಿ ಬರುವ ವಸ್ತುವನ್ನು ಇನ್ನೂ ಎಷ್ಟೋ ಮನೆಗಳಲ್ಲಿ ಹಾಕಿಸಿಲ್ಲವೆಂಬುದು ವ್ಯಸನದ ಸಂಗತಿ.

ಮೊದಲು ಬಂದಿದ್ದ ತಂತಿಯ ಕೆಲಸದ ಹುಡುಗನೊಬ್ಬನು ಹಿತ್ತಿಲಿನ ಬೋರ್‌ವೆಲ್ಲಿನ ಸ್ವಿಚ್ಚಿನಿಂದಲೇ ಒಂದು ಎಳೆ ಎಳೆದುಕೊಡುವೆನೆಂದಿದ್ದನು. ಮೇಸ್ತ್ರಿಗಳು ಅದಕ್ಕೆ ಒಪ್ಪಲಿಲ್ಲ. ಮನೆಯ ಮಂಜೂರಾದ ಲೋಡು ಈ ಭಾರಕ್ಕೆ ಸಾಲದೆಂದು ಬೆಸ್ಕಾಂ ಕಚೇರಿಗೆ ಅರ್ಜಿ ಹಾಕಿಸಿ ಅದನ್ನು ಹೆಚ್ಚಿಸಿದರು. ಮುಖ್ಯ ಪೆಟ್ಟಿಗೆಯಿಂದ ತೊಟ್ಟಿಗೇ ಮೀಸಲಾದ 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನು, ಕಬ್ಬಿಣದ ಕವಚ ಸಹಿತವಾದುದನ್ನು, ಮುಕ್ಕಾಲು ಮೀಟರು ಆಳದ ಕಾಲುವೆಯಲ್ಲಿ ಮರಳಿನ ನಡುವೆ ಮಲಗಿಸಿ, ಮೇಲೆ ಇಟ್ಟಿಗೆಗಳನ್ನು ಹೊದಿಸಿ ಮುಚ್ಚಿದರು. ಮುಂದೆ ಬಾಳೆಯ ಗುಂಡಿ ತೋಡುವವನ ಗುದ್ದಲಿಗೆ ಮೊದಲು ಇಟ್ಟಿಗೆ ತಗಲಿ ಎಚ್ಚರವಾಗಲಿ ಎಂದು ಇಟ್ಟಿಗೆ. ಕಂಬದಿಂದ ಮನೆಗೆ ಬರುವ ತಂತಿಯು ತೊಟ್ಟಿಯ ನೆತ್ತಿಯ ಮೇಲೆ ಹಾಯುತ್ತಿದ್ದಿತು. ಗಾಳಿಮಳೆಗೆ ಹರಿದು ನೀರಿಗೆ ಬಿದ್ದರೆ ಗತಿಯೇನೆಂದು ಅದನ್ನೂ ಪಕ್ಕಕ್ಕೆ ಸರಿಸಲಾಯಿತು.

ಮನೆಯ ಗೋಡೆಯಿಂದ ಎರಡು ಮೀಟರು ದೂರದಲ್ಲಿ ಅರ್ಥಿಂಗಿನ ಗುಂಡಿ. ಎರಡೂವರೆ ಮೀಟರು ಉದ್ದದ ಸತುವಿನ ಲೇಪದ ಕೊಳವೆಯನ್ನು ನಿಲ್ಲಿಸಿ, ಸುತ್ತಲೂ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ತುಂಬಿದರು. ಬೇಸಗೆಯಲ್ಲಿ ಎರೆ ಒಣಗಿ ಬಿರಿದಾಗ ಭೂಮಿಗೂ ಕೊಳವೆಗೂ ಇರುವ ನಂಟು ಸಡಿಲುವುದರಿಂದ, ವಾರಕ್ಕೊಂದು ಕೊಡ ನೀರನ್ನು ಅದರ ಬಾಯಿಗೆ ಹುಯ್ಯುತ್ತಿರಬೇಕು. ಹಲಗೆಯ ಪಕ್ಕದ ಕಬ್ಬಿಣದ ಕೈಪಿಡಿಯನ್ನೂ ಹತ್ತಿರದ ಲೋಹದ ನಲ್ಲಿಯನ್ನೂ ಇದಕ್ಕೆ ತಾಮ್ರದ ತಂತಿಯಿಂದ ಜೋಡಿಸಿದರು. ಅಳೆಯುವ ಯಂತ್ರವನ್ನು ತಂದು ನೋಡಿದಾಗ 5 ಓಮಿಗಿಂತ ಕಡಿಮೆ ತೋರಿಸಿತು.

ಸ್ವಿಚ್ಚನ್ನು ಎಲ್ಲಿ ಇಡಬೇಕೆಂಬುದರಲ್ಲಿ ಮಾತ್ರ ಹಳೆಯ ಬಚ್ಚಲುಮನೆಯೇ ದಾರಿ ತೋರಿಸಿತು. ಅಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಕಟ್ಟಿ ಕೂರಿಸಿರುವ ಬಗೆಯನ್ನು ನೋಡಬೇಕು. ನೀರು ತೋಡುವ ಬಾಯಿ ಗೋಡೆಯ ಒಳಗೆ. ಉರಿ ಹಾಕುವ ಬಾಯಿ ಗೋಡೆಯ ಹೊರಗೆ. ಮೀಯುವವನ ಕೈಗೆ ಬೆಂಕಿ ಎಟುಕದು, ಉರಿ ಹಾಕುವವನ ಮೇಲೆ ನೀರು ಸಿಡಿಯದು. ಅಜ್ಜಿ ಅದನ್ನೇ ತೋರಿಸಿ, ‘ನಿಮ್ಮ ಕರೆಂಟಿನ ಒಲೀನೂ ಹಿಂಗ ಹೊರಗಿರ್ಲಿ’ ಎಂದರು. ತೊಟ್ಟಿಯ ಅಂಚಿನಿಂದ ಎರಡು ಮೀಟರಿನೊಳಗೆ ಪ್ಲಗ್ಗನ್ನಾಗಲಿ ಸ್ವಿಚ್ಚನ್ನಾಗಲಿ ಇಡಕೂಡದೆಂಬ ಇಂದಿನ ನಿಯಮವು ಹೇಳುವುದೂ ಅದನ್ನೇ. ಮೂರೂವರೆ ಮೀಟರು ದೂರದಲ್ಲಿ, ತೊಟ್ಟಿಯಿಂದ ಕಣ್ಣಿಗೆ ಕಾಣುವಂತೆ ಆದರೆ ಕೈಗೆ ಎಟುಕದಂತೆ, ಬಚ್ಚಲಿನ ಹೊರಗೋಡೆಯ ಮೇಲೆ ಪೆಟ್ಟಿಗೆಯನ್ನು ಕೂರಿಸಿದರು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿದುದನ್ನು ಕಂಡವರಾದುದರಿಂದ ಅದನ್ನು ಎದೆಯೆತ್ತರಕ್ಕೂ ಮೇಲೆ ಏರಿಸಿದರು. ಇರುವೆ, ಹಲ್ಲಿಗಳು ಹೋಗದಂತೆ ಪೆಟ್ಟಿಗೆಯ ರಂಧ್ರಗಳನ್ನೆಲ್ಲ ಮುಚ್ಚಿದರು.

ನಾವು ಎರಡನೆಯ ಸಲ ಹೋದಾಗ ತೊಟ್ಟಿಯಲ್ಲಿ ನಲ್ಲಿಯ ಹೊಳೆನೀರು ತುಂಬಿದ್ದಿತು. ಬೋರ್‌ವೆಲ್ಲಿನ ಗಡಸು ನೀರು ಸುರುಳಿಗೆ ಸುಣ್ಣದಂತೆ ಹತ್ತುವುದೆಂದು ಅದನ್ನು ಬಿಟ್ಟಿದ್ದರು. ಸುರುಳಿಯ ಶಕ್ತಿ 3 ಕಿಲೋವಾಟು. 25 ಡಿಗ್ರಿಯ ನೀರನ್ನು 38ಕ್ಕೆ ಏರಿಸಲು ಏಳು ಗಂಟೆಗಳ ಕಾಲ, 21 ಯೂನಿಟ್ಟು ಹಿಡಿದವು. ಕಾದ ನೀರಿನ ಶಾಖವು ಹೆಚ್ಚಾಗಿ ಹೋಗುವುದು ಮೇಲಿನಿಂದ ಹೊರಡುವ ಹಬೆಯಲ್ಲಿ. ಆದುದರಿಂದ ದಪ್ಪನಾದ ಮುಚ್ಚಳವನ್ನು ಮರೆಯದೆ ಮುಚ್ಚಿಟ್ಟರೆ ಮರುದಿನ ಅಷ್ಟು ಖರ್ಚಾಗದು. ಮಕ್ಕಳಿರುವ ಮನೆಯಲ್ಲಿ ಆ ಮುಚ್ಚಳಕ್ಕೆ ಬೀಗವೂ ಅವಶ್ಯ. 40 ಡಿಗ್ರಿಗೆ ಮೀರಿ ಕಾಯಿಸಬಾರದು. ರಕ್ತದ ಒತ್ತಡವೋ ಹೃದಯದ ಬೇನೆಯೋ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಇಳಿದವರೂ ಕಾಲು ಗಂಟೆಗೆ ಎದ್ದುಬರಬೇಕು. ನೀರನ್ನು ಬದಲಾಯಿಸುವಾಗ ಕ್ಲೋರಿನ್ನಿನ ವಾಸನೆ ಹೋಗುವಂತೆ ಎರಡು ದಿನ ತೆರೆದಿಟ್ಟು ಆಮೇಲೆ ತೆಂಗಿನ ಬುಡಕ್ಕೆ ಬಿಡಬಹುದು.

ಅಜ್ಜಿ ಇಳಿಯುವುದಕ್ಕೆ ಮುಂಚೆ ಮೇಸ್ತ್ರಿಗಳು ಅವರನ್ನು ಪೆಟ್ಟಿಗೆಯ ಬಳಿಗೆ ಕರೆದೊಯ್ದು, ಆರ್‌ಸಿಸಿಬಿಯ ಮೇಲಿನ ಪರೀಕ್ಷೆಯ ಗುಂಡಿಯನ್ನು ಅವರ ಬೆರಳಿನಿಂದಲೇ ಒತ್ತಿಸಿದರು. ಟಪ್ಪೆಂದು ಸದ್ದಾಗಿ ಪಂಪು ನಿಂತಿತು. ಮತ್ತೆ ಹಾಕಿಸಿ ಮತ್ತೊಮ್ಮೆ ಒತ್ತಿದರು, ಮತ್ತೆ ನಿಂತಿತು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಬೇಕು, ಒತ್ತಿದಾಗ ಬೀಳದಿದ್ದರೆ ಆ ದಿನವೇ ಬದಲಾಯಿಸಬೇಕೆಂದು ಹೇಳಿದಾಗ, ‘ಅಮಾಸಿಗೊಮ್ಮೆ ನಾನ ಒತ್ತತೀನಿ, ನಿಮಗ ನೆನಪಿರಂಗಿಲ್ಲ’ ಎಂದು ಆ ಅಧಿಕಾರವನ್ನು ತಾವೇ ಇಟ್ಟುಕೊಂಡರು. ಅಂದು ಸಂಜೆ ಮಗನ ಕೈ ಹಿಡಿದು, ಮೊದಲು ಒಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲವರೆಗೆ ಇಳಿಬಿಟ್ಟು ತೊಟ್ಟಿಯ ಅಂಚಿನ ಮೇಲೆ ಕುಳಿತರು. ಹತ್ತು ನಿಮಿಷ ಮಾತೇ ಇರಲಿಲ್ಲ. ಎದ್ದಾಗ ಕೈಪಿಡಿಯನ್ನು ಹಿಡಿಯದೆ ಎರಡು ಹೆಜ್ಜೆ ನಡೆದು ಬಂದು, ಹಂಡೆಯನ್ನು ಮಾತ್ರ ಯಾರೂ ಕೀಳಕೂಡದು, ಬರುವ ನೀರು ತುಂಬುವ ಹಬ್ಬಕ್ಕೆ ಅದಕ್ಕೇ ಸುಣ್ಣ ಕೆಮ್ಮಣ್ಣು ಬಳಿಯಬೇಕೆಂದು ಸೊಸೆಗೆ ಹೇಳಿದರು.